ಚುಚ್ಚಿದರೂ ಕಾಣದ ಡಿಸ್ಕು

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ನಿಮ್ಮಲ್ಲಿ ಕೆಲವರಿಗೆ ಎರಡು ಕಾರಣಗಳಿಂದ ಪರಿಚಿತವಾಗಿರಬಹುದು. ಒಂದು, ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ. ಇನ್ನೊಂದು, ಅಲ್ಲಿ ದೊರೆತ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟ. ಪ್ರಾಕೃತ ಭಾಷೆಯಲ್ಲಿರುವ ಆ ಶಾಸನವನ್ನು ಜಾರ್ಜ್ ಬ್ಯೂಲರ್ ಅವರು ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆ ತಾಮ್ರದ ಹಾಳೆಗಳನ್ನು ಈಗಲೂ ಓದಬಹುದು. ನಾನು ಹೇಳಹೊರಟಿರುವುದು ಅದೇ ಊರಿನ ಇನ್ನೊಂದು ದಾಖಲೆಯ ವಿಚಾರ. ಅದಕ್ಕೆ ಹದಿನೈದು ವರ್ಷ ತುಂಬುವ ಮೊದಲೇ ಓದಲಾಗದ ಸ್ಥಿತಿ ಬಂದಿತ್ತು.

ಆ ಊರಿನಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ನೌಕರಿಯಲ್ಲಿದ್ದಾಗ ರಜೆಯ ದಿನಗಳಲ್ಲಿ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಬೀಸುವ ಪದ, ಸೋಬಾನೆ ಪದ, ಹಂತಿ ಪದ, ಮೊಹರಂ ಪದಗಳನ್ನು ಅಂಗೈಯಗಲದ ರೆಕಾರ್ಡರಿನಲ್ಲಿ ಹಿಡಿದಿಟ್ಟವರು. ಹಾಡಿದವರಲ್ಲಿ ಹೆಚ್ಚಿನವರು ಆಗಲೇ ಎಪ್ಪತ್ತು ದಾಟಿದ್ದ ಹೆಂಗಸರು. ಎಲ್ಲವೂ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ ಇತ್ತು, ಬೇರೆ ಪ್ರತಿ ಇರಲಿಲ್ಲ. ಮೊಮ್ಮಗ ತಂದುಕೊಟ್ಟ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕೆ ಆ ಡಿಸ್ಕನ್ನು ಸೇರಿಸಿ, ಟಿ.ವಿ.ಯಲ್ಲಿ ಹಾಡು ಕೇಳುವುದು ಅವರ ಸಂಜೆಯ ಅಭ್ಯಾಸ. ಕಳೆದ ಬೇಸಿಗೆಯಲ್ಲಿ ಒಂದು ದಿನ ಡಿಸ್ಕು ಕಾಣಿಸಲಿಲ್ಲ. ತಂತಿ ಚುಚ್ಚಿದರೆ ದೀಪ ಹತ್ತುತ್ತದೆ, ಒಳಗೆ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ದೀಪ ಆರುತ್ತದೆ, ಮತ್ತೆ ಹತ್ತುತ್ತದೆ. ಪಟ್ಟಣದ ಅಂಗಡಿಯೊಂದರಲ್ಲಿ ಆ ಸದ್ದು ಕೇಳಿದ್ದೇ ತಡ, ‘ಡಿಸ್ಕು ಹೋಗಿದೆ, ಹೊಸದು ತಗೊಳ್ಳಿ’ ಎಂದರಂತೆ. ಮೇಷ್ಟ್ರು ಮನೆಗೆ ಬಂದು ಕೊನೆಯ ಪ್ರಯತ್ನವೆಂದು ಅದನ್ನು ನೇರವಾಗಿ ಟಿ.ವಿ.ಗೇ ಚುಚ್ಚಿದರು. ಟಿ.ವಿ. ಒಂದು ಪ್ರಶ್ನೆ ಕೇಳಿತು: ಈ ಉಪಕರಣವನ್ನು ಫಾರ್ಮ್ಯಾಟ್ ಮಾಡಲೇ? ರಿಮೋಟಿನ ‘ಓಕೆ’ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ಅವರು ನನಗೆ ಫೋನ್ ಮಾಡಿದರು.

ಇಂತಹ ಪ್ರಶ್ನೆ ನಿಮ್ಮ ಮನೆಯ ಟಿ.ವಿ.ಯೋ ಗಣಕವೋ ಕೇಳಿದರೆ, ಉತ್ತರ ‘ಬೇಡ’. ಫಾರ್ಮ್ಯಾಟ್ ಎಂದರೆ ದುರಸ್ತಿಯಲ್ಲ. ಹೊಲದ ಬದುಗಳನ್ನೆಲ್ಲ ಅಳಿಸಿ ಹೊಸದಾಗಿ ಗೆರೆ ಎಳೆದಂತೆ ಅದು. ಯಂತ್ರ ಆ ಪ್ರಶ್ನೆ ಕೇಳುವುದು ‘ಇದು ಖಾಲಿ ಇದೆ’ ಎಂದು ತಿಳಿದುಕೊಂಡಲ್ಲ, ‘ನನಗೆ ಓದಲು ಬರುತ್ತಿಲ್ಲ’ ಎಂದು ಅಷ್ಟೆ. ಈ ಎರಡರ ವ್ಯತ್ಯಾಸವನ್ನು ತಯಾರಕರು ಪರದೆಯ ಮೇಲೆ ಯಾಕೆ ಬರೆಯುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ. ತಂತಿ ಕಿತ್ತು ಡಿಸ್ಕನ್ನು ಮೇಜಿನ ಮೇಲಿಡಿ, ನಾನು ಬರುವವರೆಗೆ ಮುಟ್ಟಬೇಡಿ ಎಂದು ಹೇಳಿ ಮರುದಿನ ಹೊರಟೆ.

ಈ ಪುಟ್ಟ ಗಣಕದ ಬಗ್ಗೆ ಎರಡು ಮಾತು ಹೇಳಬೇಕು. ಇಸ್ಪೀಟು ಎಲೆಯಷ್ಟು ಅಗಲದ ಒಂದೇ ಹಲಗೆಯ ಮೇಲೆ ಪ್ರೊಸೆಸರು, ಸ್ಮರಣೆ, ಕಿಂಡಿಗಳು ಎಲ್ಲವೂ ಕೂತಿರುವುದರಿಂದ ಇದನ್ನು ಏಕಹಲಗೆ ಗಣಕ ಎನ್ನಬಹುದು. ರಾಸ್ಪ್‌ಬೆರಿ ಪೈ ಇಂಗ್ಲೆಂಡಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು. ಶಾಲೆಯ ಮಕ್ಕಳು ಗಣಕದ ಒಳಗುಟ್ಟು ಕಲಿಯಲಿ ಎಂಬುದು ಅದನ್ನು ರೂಪಿಸಿದವರ ಉದ್ದೇಶ. ಅದರಲ್ಲಿ ನಡೆಯುವುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ತಂತ್ರಾಂಶ. ಚಿಕ್ಕ ಲಿನಕ್ಸ್ ಗಣಕ ಎಂಬುದು ಕನ್ನಡ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಕೂಡ ಲಿನಕ್ಸ್ ನಡೆಸುತ್ತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಅದು ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬಡವರ ಕೈಗೆಟಕುವ ಗಣಕ ಎಂಬ ಆ ಕನಸಿಗೆ ಇನ್ನೊಂದು ಹತ್ತು ವರ್ಷ ತಾಳ್ಮೆ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಪೈಯನ್ನು ಕಂಡಾಗಲೆಲ್ಲ ನನಗನಿಸುತ್ತದೆ.

ಈಗ ಯುಎಸ್‌ಬಿ ವಿಚಾರಕ್ಕೆ ಬರೋಣ. 1990ರ ದಶಕದ ಮೊದಲರ್ಧದಲ್ಲಿ ಗಣಕ ಕೊಂಡವರಿಗೆ ನೆನಪಿರಬಹುದು: ಕೀಲಿಮಣೆಗೆ ಒಂದು ಬಗೆಯ ಕಿಂಡಿ, ಮೌಸಿಗೆ ಇನ್ನೊಂದು, ಪ್ರಿಂಟರಿಗೆ ಅಂಗೈ ಅಗಲದ ಮತ್ತೊಂದು. ಇವಕ್ಕೆಲ್ಲ ಒಂದೇ ಕಿಂಡಿ ಸಾಕು ಎಂದು ಏಳು ಕಂಪನಿಗಳು ಸೇರಿ ರೂಪಿಸಿದ ನಿಯಮಾವಳಿಯ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಹೊರಬಂತು. ಇಂಟೆಲ್ ಕಂಪನಿಯಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ಭಾರತೀಯ ಮೂಲದ ಅಜಯ್ ಭಟ್. ಹಳೆಯ ಯುಎಸ್‌ಬಿ ತಂತಿಯನ್ನು ಸೀಳಿ ನೋಡಿದರೆ ಒಳಗೆ ನಾಲ್ಕೇ ಎಳೆಗಳಿವೆ. ಕೆಂಪಿನದು 5 ವೋಲ್ಟ್, ಕಪ್ಪಿನದು ನೆಲ, ಹಸಿರು-ಬಿಳಿ ಎಳೆಗಳದ್ದು ಮಾತುಕತೆ. ನೀಲಿ ಕಿಂಡಿಯ ಮೂರನೆಯ ಆವೃತ್ತಿಯಲ್ಲಿ ಇನ್ನೈದು ಸಂಪರ್ಕಗಳು ಸೇರಿವೆ.

ನೀವು ಉಪಕರಣ ಚುಚ್ಚಿದ ಕೂಡಲೇ ನಡೆಯುವ ವ್ಯವಹಾರ ನಮ್ಮೂರ ಛತ್ರಕ್ಕೆ ಅಪರಿಚಿತನೊಬ್ಬ ಬಂದಂತಿದೆ. ಉಪಕರಣದೊಳಗಿನ ಪುಟ್ಟ ರೆಸಿಸ್ಟರೊಂದು ಮಾತಿನ ಎಳೆಯನ್ನು ತುಸು ಮೇಲಕ್ಕೆಳೆಯುತ್ತದೆ. ಅದು ಬಾಗಿಲು ತಟ್ಟಿದ ಸದ್ದು. ಗಣಕವು ‘ನೀನು ಯಾರು’ ಎಂದು ಕೇಳುತ್ತದೆ. ಉಪಕರಣ ತನ್ನ ತಯಾರಕರ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ, ತನಗೆಷ್ಟು ವಿದ್ಯುತ್ತು ಬೇಕು ಎಂಬುದನ್ನು ಹೇಳುತ್ತದೆ. ಗಣಕ ಅದಕ್ಕೆ 1ರಿಂದ 127ರ ಒಳಗಿನ ಒಂದು ವಿಳಾಸ ಕೊಡುತ್ತದೆ. ಆಮೇಲೆ ಆ ಬಗೆಯ ಉಪಕರಣದ ಭಾಷೆ ಬಲ್ಲ ಚಾಲಕ ತಂತ್ರಾಂಶವನ್ನು ಹುಡುಕಿ ಜೊತೆಗೂಡಿಸುತ್ತದೆ. ಡಿಸ್ಕಾದರೆ ಇನ್ನೂ ಒಂದು ಮೆಟ್ಟಿಲಿದೆ: ಅದರೊಳಗಿನ ಕಡತಗಳ ಜೋಡಣೆ ಯಾವ ಪದ್ಧತಿಯದೆಂದು ತಿಳಿದು ತೆರೆಯಬೇಕು. ‘ಕಾಣುತ್ತಿಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ದೂರುವ ತೊಂದರೆ ಈ ಮೆಟ್ಟಿಲುಗಳಲ್ಲಿ ಯಾವುದರ ಮೇಲಾದರೂ ಆಗಿರಬಹುದು. ಎಲ್ಲಿ ಎಡವಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಲಿನಕ್ಸಿನ ಒಳ್ಳೆಯ ಗುಣವೆಂದರೆ ಅದು ದಿನಚರಿ ಬರೆಯುತ್ತದೆ. ಕಪ್ಪು ಪರದೆಯ ಟರ್ಮಿನಲ್ ತೆರೆದು, ಸುಡೊ ಎಂಬ ಅಧಿಕಾರದ ಪದದ ನಂತರ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರ, ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಡಬ್ಲ್ಯು ಒತ್ತಿದರೆ ಆ ದಿನಚರಿ ಕಣ್ಣೆದುರೇ ಸಾಲುಸಾಲಾಗಿ ಬರತೊಡಗುತ್ತದೆ. ಮೊದಲು ಪರದೆ ತೆರೆದಿಟ್ಟುಕೊಳ್ಳಿ, ಆಮೇಲೆ ಉಪಕರಣ ಚುಚ್ಚಿ. ಈ ಕ್ರಮ ಮುಖ್ಯ. ಚುಚ್ಚಿದಾಗ ಒಂದು ಸಾಲೂ ಬರದಿದ್ದರೆ ಬಾಗಿಲು ತಟ್ಟಿದ ಸದ್ದೇ ಕೇಳಿಲ್ಲವೆಂದು ಅರ್ಥ. ಆಗ ತಂತಿಯನ್ನೋ ಕಿಂಡಿಯನ್ನೋ ಅನುಮಾನಿಸಬೇಕು. ಮೊಬೈಲಿನೊಂದಿಗೆ ಬರುವ ಕೆಲವು ಅಗ್ಗದ ತಂತಿಗಳಲ್ಲಿ ಹಸಿರು-ಬಿಳಿ ಎಳೆಗಳೇ ಇರುವುದಿಲ್ಲ. ಅವು ಚಾರ್ಜು ಮಾಡುತ್ತವೆ, ಮಾತನಾಡುವುದಿಲ್ಲ. ಅಂತಹ ಒಂದು ತಂತಿಯನ್ನು ನಂಬಿ ನಾನೇ ಒಮ್ಮೆ ಅರ್ಧ ದಿನ ಕಳೆದಿದ್ದೇನೆ.

ಮೇಷ್ಟ್ರ ಮನೆಯಲ್ಲಿ ಸಾಲುಗಳು ಬಂದವು. ಹೊಸ ಉಪಕರಣವೊಂದು ಬಂದಿದೆ ಎಂಬ ಸಾಲು, ಅದಕ್ಕೊಂದು ಸಂಖ್ಯೆ, ತಯಾರಕರ ಹೆಸರು ಕೂಡ. ಎರಡು ಸೆಕೆಂಡಿನೊಳಗೆ ‘ಎರರ್ ಮೈನಸ್ 71’, ಮರುಕ್ಷಣ ಉಪಕರಣ ಕಳಚಿಕೊಂಡಿತು ಎಂಬ ಸೂಚನೆ, ಮತ್ತೆ ಮೊದಲಿನಿಂದ. ಈ ಮೈನಸ್ 71 ಎಂಬುದು ಲಿನಕ್ಸಿನ ಭಾಷೆಯಲ್ಲಿ ‘ಮಾತಿನ ಕ್ರಮ ತಪ್ಪಿತು’ ಎಂಬ ಸಂಕೇತ. ಮೈನಸ್ 110 ಬಂದರೆ ‘ಕಾದೆ, ಉತ್ತರ ಬರಲಿಲ್ಲ’ ಎಂದು. ಎರಡೂ ಸಾಮಾನ್ಯವಾಗಿ ತಂತ್ರಾಂಶದ ದೋಷಗಳಲ್ಲ. ತಂತಿಯದೋ, ವಿದ್ಯುತ್ತಿನದೋ ಆಗಿರುತ್ತವೆ. ಆ ಸಾಲುಗಳ ನಡುವೆ ಸದ್ದಿಲ್ಲದೆ ಇನ್ನೊಂದು ಸಾಲು ಸೇರಿಕೊಂಡಿತ್ತು: ಅಂಡರ್‌ವೋಲ್ಟೇಜ್ ಡಿಟೆಕ್ಟೆಡ್, ಅಂದರೆ ವೋಲ್ಟೇಜು ಇಳಿದಿದೆ. ಟಿ.ವಿ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತೊಂದು ಆಗಾಗ ಮೂಡಿ ಮಾಯವಾಗುತ್ತಿತ್ತಂತೆ. ಅದು ಹಾಡಿನ ಅಲಂಕಾರವೆಂದು ಮೇಷ್ಟ್ರು ತಿಳಿದಿದ್ದರು. ಅದೇ ಎಚ್ಚರಿಕೆ.

ಪೈಗೆ ವಿದ್ಯುತ್ತು ಎಲ್ಲಿಂದ ಬರುತ್ತಿದೆ ಎಂದು ಹಿಂದೆ ಬಗ್ಗಿ ನೋಡಿದೆ. ಮೊದಲು ಬಂದಿದ್ದ ಅಡಾಪ್ಟರು ಸಿಡಿಲಿನ ದಿನ ಸುಟ್ಟಿತ್ತು. ಬದಲಿಗೆ ಹಳೆಯ ಮೊಬೈಲ್ ಚಾರ್ಜರು, ಅದಕ್ಕೆ ಸೇರಿಸಿದ ಒಂದೂವರೆ ಮೀಟರಿನ ನೂಲಿನಂಥ ತಂತಿ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಏಕೆಂದರೆ ಇಂತಹ ತೊಂದರೆಗಳಲ್ಲಿ ನಾನು ಕಂಡ ಹೆಚ್ಚಿನವು ಈ ಲೆಕ್ಕದೊಳಗೇ ಇವೆ.

ಸಣ್ಣ ತಂತಿಗಳಲ್ಲಿ ಬಳಸುವ 28 ಗೇಜಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.21 ಓಮ್ ತಡೆಯಿದೆ. ಒಂದೂವರೆ ಮೀಟರಿನ ತಂತಿಯಲ್ಲಿ ವಿದ್ಯುತ್ತು ಹೋಗಿ ಬರಬೇಕಾದ್ದರಿಂದ ದಾರಿ 3 ಮೀಟರು, ತಡೆ 0.6 ಓಮಿಗೂ ಮೇಲು. ಒಂದು ಆಂಪಿಯರು ಹರಿದರೆ ದಾರಿಯಲ್ಲೇ 0.6 ವೋಲ್ಟ್ ಕಳೆದುಹೋಗುತ್ತದೆ. ಚಾರ್ಜರಿನ ಬಾಯಲ್ಲಿ 5 ವೋಲ್ಟಿದ್ದದ್ದು ಪೈಯ ಬಾಯಿಗೆ ಬರುವಾಗ 4.4. ಪೈ ಎಚ್ಚರಿಕೆ ಕೊಡುವುದು ಸುಮಾರು 4.63 ವೋಲ್ಟಿಗಿಂತ ಇಳಿದಾಗ. ಪೈ ತಾನೊಂದೇ ಸುಮ್ಮನಿದ್ದರೆ ಹೇಗೋ ನಡೆಯುತ್ತದೆ. ಆದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ನಿಂತಲ್ಲಿಂದ ತಿರುಗಲು ಶುರುಮಾಡುವ ಮೊದಲ ಕೆಲವು ಸೆಕೆಂಡುಗಳಲ್ಲಿ ತಾನೊಂದೇ ಒಂದು ಆಂಪಿಯರಿನಷ್ಟು ಎಳೆಯಬಲ್ಲದು. ಎರಡೂ ಸೇರಿದಾಗ ವೋಲ್ಟೇಜು ಕುಸಿಯುತ್ತದೆ, ತಟ್ಟೆ ವೇಗ ಹಿಡಿಯದೆ ನಿಲ್ಲುತ್ತದೆ, ಓದುವ ಸೂಜಿ ಹಿಂದಕ್ಕೆ ಸರಿಯುತ್ತದೆ. ಅದೇ ಆ ಟಿಕ್ ಟಿಕ್.

ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರದ ತುದಿಯಲ್ಲಿರುವ ಹೊಲದ ಪಂಪ್‌ಸೆಟ್ಟು ಉಳಿದವರೆಲ್ಲ ಮೋಟಾರು ಹಾಕಿದ ಹೊತ್ತಿನಲ್ಲಿ ಗೊಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮೋಟಾರು ಕೆಟ್ಟಿದೆಯೆಂದು ಬಿಚ್ಚಿದರೆ ಒಳಗೆ ಏನೂ ಆಗಿರುವುದಿಲ್ಲ. ಮೇಷ್ಟ್ರಿಗೆ ನಾನು ಓಮಿನ ಲೆಕ್ಕ ಹೇಳುವಾಗ ಪಕ್ಕದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುತ್ತ ಕೂತಿದ್ದ ಅವರ ಮನೆಯವರು ‘ನಮ್ಮ ತೋಟದ ಮೋಟರಿನ ಕತಿನ ಐತಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಪೈಯ ಯುಎಸ್‌ಬಿ ಕಿಂಡಿಗಳಿಗೂ ಒಂದು ಮಿತಿಯಿದೆಯೆಂಬುದನ್ನು ಹೇಳಬೇಕು. 2019ರಲ್ಲಿ ಬಂದ ನಾಲ್ಕನೆಯ ಮಾದರಿಯಲ್ಲಿ ನಾಲ್ಕೂ ಕಿಂಡಿಗಳಿಗೆ ಸೇರಿ 1.2 ಆಂಪಿಯರು. 2023ರ ಐದನೆಯ ಮಾದರಿಗೆ 5 ಆಂಪಿಯರಿನ ಅಡಾಪ್ಟರು ಕೊಟ್ಟರೆ ಕಿಂಡಿಗಳಿಗೆ 1.6 ಆಂಪಿಯರು ಸಿಗುತ್ತದೆ. 3 ಆಂಪಿಯರಿನ ಹಳೆಯ ಅಡಾಪ್ಟರನ್ನೇ ಚುಚ್ಚಿದರೆ ಅದು ತಾನಾಗಿಯೇ 0.6ಕ್ಕೆ ಇಳಿಸಿಕೊಳ್ಳುತ್ತದೆ. ಹೊಸ ಮಾದರಿ ಕೊಂಡವರು ‘ಹಳೆಯದರಲ್ಲಿ ಓಡುತ್ತಿದ್ದ ಡಿಸ್ಕು ಹೊಸದರಲ್ಲಿ ಓಡುತ್ತಿಲ್ಲ’ ಎಂದು ಕಂಗಾಲಾಗುವುದಕ್ಕೆ ಇದೂ ಒಂದು ಕಾರಣ. ಈಗ ವೋಲ್ಟೇಜು ಹೇಗಿದೆ ಎಂದು ಪೈಯನ್ನೇ ಕೇಳಬಹುದು. ವಿ, ಸಿ, ಜಿ, ಇ, ಎನ್, ಸಿ, ಎಂ, ಡಿ ಎಂದು ಒತ್ತಿ, ಜಾಗ ಬಿಟ್ಟು ಗೆಟ್ ಎಂಬ ಪದ, ಅಡಿಗೆರೆ, ತ್ರಾಟಲ್ಡ್ ಎಂಬ ಪದ ಒತ್ತಿದರೆ ಒಂದು ಸಂಖ್ಯೆ ಬರುತ್ತದೆ. ಎಕ್ಸ್ ಅಕ್ಷರದ ನಂತರ ಬರೀ ಸೊನ್ನೆಯಿದ್ದರೆ ಕ್ಷೇಮ. 50005 ಇದ್ದರೆ ಈ ಕ್ಷಣದಲ್ಲೇ ವೋಲ್ಟೇಜು ಸಾಲದು. 50000 ಇದ್ದರೆ ಈಗ ಸರಿಯಿದೆ, ಆದರೆ ಆರಂಭಿಸಿದಂದಿನಿಂದ ಒಮ್ಮೆಯಾದರೂ ಕುಸಿದಿತ್ತು ಎಂದರ್ಥ. ಈ ಮೂರನೆಯದು ಜನರನ್ನು ಹೆಚ್ಚು ಮೋಸಗೊಳಿಸುತ್ತದೆ.

ಪರಿಹಾರ ಸರಳವಿತ್ತು. 5.1 ವೋಲ್ಟ್, 3 ಆಂಪಿಯರಿನ ಸರಿಯಾದ ಅಡಾಪ್ಟರೊಂದನ್ನು ನಾನು ಜೊತೆಗೆ ಒಯ್ದಿದ್ದೆ. ಅದರ ತಂತಿ ದಪ್ಪ, ಮತ್ತು ಅಡಾಪ್ಟರಿಗೇ ಬೆಸೆದುಕೊಂಡಿರುವುದರಿಂದ ಬದಲಾಯಿಸುವ ಆಸೆಗೆ ಅವಕಾಶವಿಲ್ಲ. ಡಿಸ್ಕಿಗಾಗಿ ಸ್ವಂತ ಅಡಾಪ್ಟರಿರುವ ಹಬ್ಬನ್ನೂ ತಂದಿದ್ದೆ. ಹಾಗೆ ಮಾಡಿದರೆ ಡಿಸ್ಕಿನ ಹಸಿವನ್ನು ಹಬ್ಬು ತಣಿಸುತ್ತದೆ, ಪೈ ಬರೀ ಮಾತನಾಡಿದರೆ ಸಾಕು. ಹಬ್ಬು ಕೊಳ್ಳುವಾಗ ಒಂದು ಎಚ್ಚರ: ಕೆಲವು ಅಗ್ಗದ ಹಬ್ಬುಗಳು ತಮ್ಮ ವಿದ್ಯುತ್ತನ್ನು ಹಿಂದಕ್ಕೆ ಪೈಯೊಳಗೂ ನುಗ್ಗಿಸುತ್ತವೆ. ಪೈಯ ಅಡಾಪ್ಟರು ತೆಗೆದ ಮೇಲೂ ಅದರ ಕೆಂಪು ದೀಪ ಉರಿಯುತ್ತಿದ್ದರೆ ಅಂತಹ ಹಬ್ಬನ್ನು ಹಿಂದಿರುಗಿಸಿಬಿಡಿ.

ಈ ಸಲ ಡಿಸ್ಕು ಚುಚ್ಚಿದಾಗ ಟಿಕ್ ಟಿಕ್ ಬರಲಿಲ್ಲ. ತಟ್ಟೆ ಏರುದನಿಯಲ್ಲಿ ತಿರುಗಿ ಒಂದು ಹದಕ್ಕೆ ಬಂದು ನಿಂತಿತು. ಎಲ್, ಎಸ್, ಯು, ಎಸ್, ಬಿ ಎಂದು ಒತ್ತಿದರೆ ಸೇರಿರುವ ಉಪಕರಣಗಳ ಪಟ್ಟಿ ಬರುತ್ತದೆ, ಅದರಲ್ಲಿ ಡಿಸ್ಕಿನ ಹೆಸರಿತ್ತು. ಎಲ್, ಎಸ್, ಬಿ, ಎಲ್, ಕೆ ಎಂದು ಒತ್ತಿದರೆ ಸಂಗ್ರಹ ಸಾಧನಗಳ ಪಟ್ಟಿ, ಅದರಲ್ಲಿ 500 ಗಿಗಾಬೈಟಿನ ಲೆಕ್ಕವೂ ಸರಿಯಾಗಿತ್ತು. ಮೇಷ್ಟ್ರು ‘ತೆಗೀರಿ, ತೆಗೀರಿ’ ಎಂದು ಆತುರಪಟ್ಟರು. ನಾನು ತೆರೆಯಲಿಲ್ಲ.

ಕಾರಣವಿದೆ. ವಾರಗಟ್ಟಲೆ ಹೀಗೆ ಹತ್ತಿ ಆರಿದ ಡಿಸ್ಕಿನಲ್ಲಿ ಎಲ್ಲಿಯಾದರೂ ಪೆಟ್ಟು ಬಿದ್ದಿರುವುದು ಸಾಧ್ಯ. ಸುಮ್ಮನೆ ತೆರೆದರೆ ಗಣಕವು ಒಳ್ಳೆಯ ಉದ್ದೇಶದಿಂದಲೇ ಅದರ ಮೇಲೆ ಬರೆಯತೊಡಗುತ್ತದೆ: ಕೊನೆಯ ಸಲ ತೆರೆದ ಸಮಯ, ಅರ್ಧಕ್ಕೆ ನಿಂತ ಲೆಕ್ಕಗಳ ತಿದ್ದುಪಡಿ ಇತ್ಯಾದಿ. ದುರಸ್ತಿ ಮಾಡುವ ಆಜ್ಞೆಗಳಂತೂ ಇನ್ನೂ ಧಾರಾಳವಾಗಿ ಬರೆಯುತ್ತವೆ. ಇರುವುದು ಒಂದೇ ಪ್ರತಿಯಾದಾಗ ಅದರ ಮೇಲೆ ಒಂದಕ್ಷರವೂ ಹೊಸದಾಗಿ ಬೀಳಬಾರದು. ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು, ಆಮೇಲೆ ಏನು ಮಾಡುವುದಿದ್ದರೂ ಪಡಿಯಚ್ಚಿನ ಮೇಲೆ. ಶಾಸನ ತಜ್ಞರು ಕಲ್ಲನ್ನು ಕೆರೆಯದೆ ಮೊದಲು ಒದ್ದೆ ಕಾಗದದಿಂದ ಅಚ್ಚು ತೆಗೆದುಕೊಳ್ಳುತ್ತಾರಲ್ಲ, ಹಾಗೆ.

ಇದಕ್ಕೆ ಲಿನಕ್ಸಿನಲ್ಲಿ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಇದರ ಜಾಣತನವೆಂದರೆ ಓದಲು ಕಷ್ಟವಾದ ಜಾಗ ಬಂದರೆ ಅಲ್ಲೇ ಹಟ ಹಿಡಿದು ಕೂರುವುದಿಲ್ಲ. ಅದನ್ನು ಗುರುತು ಹಾಕಿ ಮುಂದೆ ಹೋಗಿ ಸುಲಭವಾದದ್ದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಕೊನೆಗೆ ಹಿಂದಿರುಗಿ ಬಿಟ್ಟದ್ದನ್ನು ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂದೆ ಎಂಬ ನಕ್ಷೆಯನ್ನೂ ಬರೆದಿಡುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮ ಕಡೆಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಬೇರೆ ಹೇಳಬೇಕೆ? ಆ ರಾತ್ರಿ ಎರಡು ಸಲ ಕರೆಂಟು ಹೋಯಿತು. ಹೊಸ ಡಿಸ್ಕೊಂದನ್ನು ಅದೇ ಹಬ್ಬಿಗೆ ಸೇರಿಸಿದ್ದೆವು. ನೀಲಿ ಕಿಂಡಿಯನ್ನು ಬಿಟ್ಟು ಬೇಕೆಂದೇ ನಿಧಾನದ ಕಪ್ಪು ಕಿಂಡಿಯನ್ನು ಆರಿಸಿದ್ದರಿಂದಲೂ, ಎರಡು ಡಿಸ್ಕುಗಳೂ ಒಂದೇ ದಾರಿಯನ್ನು ಹಂಚಿಕೊಂಡಿದ್ದರಿಂದಲೂ ಕೆಲಸ ಮುಗಿಯಲು ಬೆಳಗಾಯಿತು.

ಕಪ್ಪು ಕಿಂಡಿ ಏಕೆ ಎಂದು ನೀವು ಕೇಳಬಹುದು. ನೀಲಿ ಕಿಂಡಿಯ ಹೆಚ್ಚಿನ ಐದು ಸಂಪರ್ಕಗಳಲ್ಲಿ ಒಂದು ಸಡಿಲಾದರೂ ತೊಂದರೆ. ಅದಲ್ಲದೆ ಡಿಸ್ಕಿನ ಪೆಟ್ಟಿಗೆಯೊಳಗಿನ ಕೆಲವು ಸೇತುವೆ ಚಿಪ್ಪುಗಳು ನೀಲಿ ಕಿಂಡಿಯಲ್ಲಿ ಯುಎಎಸ್ ಎಂಬ ವೇಗದ ಪದ್ಧತಿಯಲ್ಲಿ ಮಾತನಾಡುತ್ತೇವೆಂದು ಹೇಳಿಕೊಳ್ಳುತ್ತವೆ, ಆದರೆ ನಡುವೆ ತೊದಲುತ್ತವೆ. ಡಿಸ್ಕು ಕಪ್ಪು ಕಿಂಡಿಯಲ್ಲಿ ಸರಿಯಿದ್ದು ನೀಲಿಯಲ್ಲಿ ಮಾತ್ರ ಪದೇ ಪದೇ ಕಳಚುತ್ತಿದ್ದರೆ ಇದನ್ನು ಅನುಮಾನಿಸಿ. ಆ ಚಿಪ್ಪಿನ ತಯಾರಕ ಮತ್ತು ಮಾದರಿ ಸಂಖ್ಯೆಗಳನ್ನು ಪೈಯ ಆರಂಭದ ಆಜ್ಞಾಸಾಲಿನಲ್ಲಿ, ಯು ಎಂಬ ಅಕ್ಷರದೊಂದಿಗೆ, ವಿನಾಯಿತಿ ಪಟ್ಟಿಗೆ ಸೇರಿಸಿದರೆ ಲಿನಕ್ಸ್ ಹಳೆಯ ನಿಧಾನದ ಪದ್ಧತಿಗೆ ಇಳಿಯುತ್ತದೆ. ಆ ಆಜ್ಞೆಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಅರಿಯದೆ ಎರಡನೆಯ ಸಾಲಿಗೆ ಮುರಿದರೆ ಆ ಆಜ್ಞೆ ಜಾರಿಯಾಗುವುದಿಲ್ಲ.

ಡಿಸ್ಕಲ್ಲದ ಉಪಕರಣಗಳ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ. ತೂಕದ ಯಂತ್ರ, ಮಣ್ಣಿನ ತೇವ ಅಳೆಯುವ ಸಾಧನ ಮೊದಲಾದವು ಸರಣಿ ಸಂಪರ್ಕದ ಪುಟ್ಟ ಚಿಪ್ಪಿನ ಮೂಲಕ ಸೇರುತ್ತವೆ. ಅವು ಪಟ್ಟಿಯಲ್ಲಿ ಕಂಡರೂ ‘ಅನುಮತಿಯಿಲ್ಲ’ ಎಂದು ಬಂದರೆ ನಿಮ್ಮ ಖಾತೆಯನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ, ಹೊರಹೋಗಿ ಮತ್ತೆ ಒಳಬನ್ನಿ. 2022ರ ಉಬುಂಟು ಆವೃತ್ತಿಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು: ಅಂಧರ ಬ್ರೈಲ್ ಫಲಕಗಳಿಗಾಗಿ ಇರುವ ಒಂದು ಸೇವೆ ಸಿಎಚ್ 340 ಎಂಬ ಅಗ್ಗದ ಚಿಪ್ಪನ್ನು ಬ್ರೈಲ್ ಫಲಕವೆಂದೇ ತಿಳಿದು ಎತ್ತಿಕೊಂಡುಬಿಡುತ್ತಿತ್ತು, ಸಾಧನ ಬಂದ ಕ್ಷಣದಲ್ಲೇ ಮಾಯವಾಗುತ್ತಿತ್ತು. ದಿನಚರಿ ಓದದವರಿಗೆ ಇದು ಏಳು ಜನ್ಮಕ್ಕೂ ತಿಳಿಯುವಂತಿರಲಿಲ್ಲ. ತಂತಿಯಿಲ್ಲದ ಮೌಸು ನೀಲಿ ಕಿಂಡಿಯ ಪಕ್ಕದಲ್ಲಿ ತಡವರಿಸಿದರೆ ಅದರ ಗುಬುಟನ್ನು ಒಂದು ಗೇಣು ತಂತಿಯ ತುದಿಗೆ ಸರಿಸಿ ನೋಡಿ. ಮೂರನೆಯ ಆವೃತ್ತಿಯ ಯುಎಸ್‌ಬಿ ಹೊರಸೂಸುವ ಗದ್ದಲವು ಅದೇ 2.4 ಗಿಗಾಹರ್ಟ್ಸ್ ಅಲೆಗಳ ಮೇಲೆ ಬೀಳುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿದೆ. ಇನ್ನು ಕೆಲವು ಹಳೆಯ ಲೇಸರ್ ಪ್ರಿಂಟರುಗಳಿಗೆ ಪೈಯ ಬಗೆಯ ಪ್ರೊಸೆಸರಿಗೆ ಹೊಂದುವ ಚಾಲಕವನ್ನು ತಯಾರಕರು ಬರೆದೇ ಇಲ್ಲ. ಅಲ್ಲಿ ಎಷ್ಟು ತಂತಿ ಬದಲಿಸಿದರೂ ವ್ಯರ್ಥ.

ಬೆಳಿಗ್ಗೆ ನಕ್ಷೆ ನೋಡಿದಾಗ ಡಿಸ್ಕಿನ ಬಹುಪಾಲು ಬಂದಿತ್ತು. ಒಂದೆಡೆ ಮಾತ್ರ ಸಣ್ಣದೊಂದು ಪಟ್ಟೆ ಎಷ್ಟು ಸಲ ಓದಿಸಿದರೂ ಬರಲಿಲ್ಲ. ಪಡಿಯಚ್ಚನ್ನು ‘ಓದಲಷ್ಟೇ’ ಎಂಬ ಷರತ್ತಿನ ಮೇಲೆ ತೆರೆದೆವು. ಊರಿನ ಹೆಸರು, ತಾರೀಖು, ಹಾಡಿದವರ ಹೆಸರು ಬರೆದ ಕಡತಗಳು ಒಂದರ ಕೆಳಗೊಂದು ಬಂದವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಟುಬುಕ್ಕು ತಂದರು. ಪ್ರತಿ ಧ್ವನಿಮುದ್ರಣವನ್ನೂ ಅವರು ಅದರಲ್ಲಿ ಬರೆದಿಟ್ಟಿದ್ದರು. ಇಬ್ಬರೂ ಕೂತು ಒಂದೊಂದಾಗಿ ತಾಳೆ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿಕ್ಕಿತು: ನಾಲ್ಕು ಕಡತಗಳು ತೆರೆಯಲಿಲ್ಲ. ನಾಲ್ಕೂ ಒಂದೇ ದಿನದವು, ಒಂದೇ ಮನೆಯ ಜಗಲಿಯ ಮೇಲೆ ಮೂವರು ಹೆಂಗಸರು ಸೇರಿ ಹಾಡಿದ ಸೋಬಾನೆ. ಆ ಮೂವರಲ್ಲಿ ಇಬ್ಬರು ಈಗಿಲ್ಲ.

ಮೂರನೆಯವರು ತಾಲ್ಲೂಕಿನ ಇನ್ನೊಂದು ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ನೋಟುಬುಕ್ಕಿನ ಅಂಚಿನಲ್ಲಿತ್ತು. ಮೇಷ್ಟ್ರು ಆ ವಾರವೇ ಬಸ್ಸು ಹತ್ತಿ ಹೋಗಿ ಬಂದರು. ಅಜ್ಜಿಗೆ ಎರಡು ಪದ ಪೂರ್ತಿ ನೆನಪಿತ್ತು, ಒಂದು ಅರ್ಧ, ನಾಲ್ಕನೆಯದು ಇರಲಿಲ್ಲ. ಅದನ್ನು ಯಾವಾಗಲೂ ಗೆಳತಿಯೇ ಎತ್ತಿಕೊಡುತ್ತಿದ್ದಳು, ತಾನು ಬರೀ ಸೊಲ್ಲು ಹಿಡಿಯುತ್ತಿದ್ದೆ ಎಂದರಂತೆ.

ಆ ಸಂಗ್ರಹದ ಪ್ರತಿಗಳು ಈಗ ಮೂರು ಕಡೆ ಇವೆ. ಒಂದು ಮೇಷ್ಟ್ರ ಮನೆಯಲ್ಲಿ, ಒಂದು ಬೆಂಗಳೂರಿನಲ್ಲಿರುವ ಮಗನ ಹತ್ತಿರ, ಒಂದು ನನ್ನ ಕಪಾಟಿನಲ್ಲಿ. ಹಳೆಯ ಡಿಸ್ಕನ್ನು ಅವರು ಎಸೆದಿಲ್ಲ. ಬಟ್ಟೆಯಲ್ಲಿ ಸುತ್ತಿ ‘ಚುಚ್ಚಬಾರದು’ ಎಂದು ಚೀಟಿ ಅಂಟಿಸಿ ಇಟ್ಟಿದ್ದಾರೆ. ಆ ಪಟ್ಟೆಯನ್ನು ಓದಬಲ್ಲ ಉಪಕರಣವಿರುವ ಕಡೆ ಒಮ್ಮೆ ಕೊಟ್ಟು ನೋಡಬೇಕೆಂದು ಅವರ ಆಸೆ. ಹಳೆಯ ಮೊಬೈಲ್ ಚಾರ್ಜರು ಮೊಬೈಲಿಗೇ ಮರಳಿದೆ. ಟಿ.ವಿ.ಯ ಮೂಲೆಯಲ್ಲಿ ಹಳದಿ ಮಿಂಚು ಆಮೇಲೆ ಕಾಣಿಸಿಕೊಂಡಿಲ್ಲವೆಂದು ಮೊನ್ನೆ ಫೋನಿನಲ್ಲಿ ಹೇಳಿದರು.